ಹೆದೆ, ಗರಿ, ಮುಷ್ಟಿ: ಕೆಲವು ಟಿಪ್ಪಣಿಗಳು

1
ಹೊಸ ಬಿಲ್ಲಿನ ಹಿಡಿಯ ಹತ್ತಿರ ಬರೆದಿರುತ್ತಾರೆ: 45 ಪೌಂಡ್, 28 ಇಂಚು. ಇದು ಬಿಲ್ಲಿನ ತೂಕವಲ್ಲ. 28 ಇಂಚು ಎಳೆದಾಗ ಬೆರಳಿಗೆ ಬೀಳುವ ಭಾರ. ಕೈ ಗಿಡ್ಡವಿದ್ದವರ ಎಳೆತ 26 ಇಂಚಿಗೇ ನಿಂತರೆ ಅದೇ ಬಿಲ್ಲು 40ರ ಆಸುಪಾಸಿನದು.

2
ಹೆದೆ ಏರಿಸಲು ಒಂದು ಹಗ್ಗ ಸಿಗುತ್ತದೆ, ಎರಡು ತುದಿಗೂ ಚರ್ಮದ ಟೊಪ್ಪಿ. ಅವನ್ನು ಬಿಲ್ಲಿನ ತುದಿಗಳಿಗೆ ತೊಡಿಸಿ, ಹಗ್ಗವನ್ನು ಮೆಟ್ಟಿ ಹಿಡಿಯನ್ನು ಮೇಲೆತ್ತಬೇಕು. ಬಿಲ್ಲು ಬಾಗಿದಾಗ ಹೆದೆಯ ಕುಣಿಕೆ ಕಚ್ಚಿಗೆ ಜಾರುತ್ತದೆ. ಕಾಲಿಗೆ ಸಿಕ್ಕಿಸಿ ಬಗ್ಗಿಸಿದರೆ ಬಿಲ್ಲಿನ ತೋಳು ತಿರುಚಿಕೊಳ್ಳುವುದುಂಟು.

ಸೀತೆಯನ್ನು ಗೆಲ್ಲಲು ಇಟ್ಟ ಪಣವೂ ಹೆದೆ ಏರಿಸುವುದೇ. ಗುರಿ ಹೊಡೆಯುವುದಲ್ಲ.

3
ಹೆದೆಗೂ ಹಿಡಿಗೂ ನಡುವೆ ಎಷ್ಟು ಅಂತರ? ಲಾಂಗ್‌ಬೋ ಎಂಬ ಉದ್ದ ಬಿಲ್ಲಿಗೆ ಸುಮಾರು 6ರಿಂದ 7.5 ಇಂಚು, ತುದಿ ಮುಂದಕ್ಕೆ ಬಾಗಿದ ರಿಕರ್ವ್‌ಗೆ 7ರಿಂದ 9. ಇಂಗ್ಲೆಂಡಿನ ಹಳಬರು ಹಿಡಿಯ ಮೇಲೆ ಮುಷ್ಟಿಯಿಟ್ಟು ಹೆಬ್ಬೆರಳು ಚಾಚುತ್ತಿದ್ದರು. ತುದಿ ಹೆದೆಗೆ ತಾಗಿದರೆ ಸರಿ.

ಅಂತರ ಸಾಲದಿದ್ದರೆ ಹೆದೆ ಇಳಿಸಿ ಕೆಲವು ಸುತ್ತು ಹುರಿ ಹೆಚ್ಚಿಸುತ್ತಾರೆ. ಹುರಿ ಹೆಚ್ಚಿದಂತೆ ಹೆದೆ ಗಿಡ್ಡವಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಿವಿ ಹೇಳುತ್ತದೆ: ಬಾಣ ಬಿಟ್ಟಾಗ ಸದ್ದು ತಗ್ಗಿದ ಕಡೆ.

4
ಬೇಟೆಗಾರರು ಹೆದೆಗೆ ಉಣ್ಣೆಯ ಕುಚ್ಚು ಕಟ್ಟುತ್ತಾರೆ. ಸದ್ದು ಕೇಳಿದ ಜಿಂಕೆ ಬಾಣ ತಲುಪುವಷ್ಟರಲ್ಲಿ ಮೈ ತಗ್ಗಿಸಿಬಿಡುತ್ತದೆ.

5
ಬಾಣಕ್ಕೆ ಟರ್ಕಿ ಕೋಳಿಯ ಮೂರು ಗರಿ. ಮೂರೂ ಎಡ ರೆಕ್ಕೆಯವು, ಇಲ್ಲವೇ ಮೂರೂ ಬಲ ರೆಕ್ಕೆಯವು. ಬೆರೆಸುವಂತಿಲ್ಲ.

6
ಬಾಣ ನೆಟ್ಟಗೆ ಹೊರಡುವುದಿಲ್ಲ. ಬಳುಕಿ, ಬಿಲ್ಲನ್ನು ಬಳಸಿಕೊಂಡು, ಆಮೇಲೆ ನೆಟ್ಟಗಾಗುತ್ತದೆ. ತೀರ ಬಿರುಸಾದರೂ ಪಕ್ಕಕ್ಕೆ ಸರಿಯುತ್ತದೆ, ತೀರ ಮೆತ್ತಗಾದರೂ ಸರಿಯುತ್ತದೆ.

ಮರದ ಬಾಣವಾದರೆ 26 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ 2 ಪೌಂಡ್ ತೂಗುಹಾಕುತ್ತಾರೆ. ಎಷ್ಟು ಇಂಚು ಬಾಗಿತೋ ಅದರಿಂದ 26ನ್ನು ಭಾಗಿಸಬೇಕು. ಅರ್ಧ ಇಂಚು ಬಾಗಿದ ಬಾಣ 52 ಪೌಂಡಿನ ಬಿಲ್ಲಿಗೆ ಸರಿ.

7
ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಬಲ ಬಿಲ್ಲಿಗೇ ಮರಳಿ ಅದರ ತೋಳು ಸೀಳಬಹುದು.

8
1911ರಲ್ಲಿ ಕ್ಯಾಲಿಫೋರ್ನಿಯದ ಒರೊವಿಲ್‌ಗೆ ಕಾಡಿನಿಂದ ಹಸಿದು ಬಂದವರು ಇಶಿ. ಯಾಹಿ ಜನರಲ್ಲಿ ಉಳಿದಿದ್ದ ಕೊನೆಯವರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರಿಂದ ಬಿಲ್ವಿದ್ಯೆ ಕಲಿತವರು ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್. 1923ರಲ್ಲಿ ಬಂದ ಪೋಪ್ ಅವರ ಪುಸ್ತಕದಿಂದ ಅಮೆರಿಕದಲ್ಲಿ ಎಷ್ಟೋ ಜನ ಬಿಲ್ಲು ಹಿಡಿದರು.

ಇಶಿ ಬಿಲ್ಲನ್ನು ನಿಲ್ಲಿಸಿ ಇಡುತ್ತಿರಲಿಲ್ಲ. ಅವರ ನಂಬಿಕೆಯಂತೆ ನಿಂತ ಬಿಲ್ಲು ದುಡಿಯುತ್ತಿರುತ್ತದೆ. ಹೆದೆ ಇಳಿಸದಿದ್ದರೆ ದಣಿಯುತ್ತದೆ, ಬೆವರುತ್ತದೆ. ಮಲಗಿಸಿದ ಬಿಲ್ಲನ್ನು ಯಾರೂ ದಾಟುವಂತಿರಲಿಲ್ಲ.

ಅವರು 1916ರಲ್ಲಿ ಕ್ಷಯದಿಂದ ತೀರಿಕೊಂಡರು.

9
ಮರದ ಬಿಲ್ಲನ್ನು ಈಗಲೂ ಹೆದೆ ಇಳಿಸಿ ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡುತ್ತಾರೆ.

10
ಕಲಿಯುವವರಿಗೆ 25ರಿಂದ 30 ಪೌಂಡ್ ಸಾಕು. ಭಾರದ ಬಿಲ್ಲು ಹಿಡಿದವರ ಕೈ ನಡುಗುತ್ತದೆ. ನಡುಗುವ ಕೈ ತಪ್ಪನ್ನೇ ರೂಢಿಸಿಕೊಳ್ಳುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ಜಿಂಕೆ ಬೇಟೆಗೂ ಕಾನೂನು ಕೇಳುವುದು ಕನಿಷ್ಠ 30 ಪೌಂಡ್.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಪ್ರಾಣಿಯ ಬೇಟೆ ಅಪರಾಧ. ಬಂದೂಕು, ಉರುಳು, ಬಿಲ್ಲು ಎಂಬ ಭೇದ ಅದಕ್ಕಿಲ್ಲ. ಇಲ್ಲಿ ಬಿಲ್ಲು ಕಲಿಯುವವರು ಹುಲ್ಲಿನ ಗುರಿಗೇ ಬಾಣ ಬಿಡಬೇಕು.