ಅಂಗಿಯೊಳಗಿನ ಕೂಲಿ

ಹತ್ತಿ ಬಿಡಿಸಲು ಹೋಗುವವರು ಹೊತ್ತು ಮೂಡುವ ಮೊದಲೇ ಹೊಲದಲ್ಲಿರಬೇಕು. ಇಬ್ಬನಿ ಬಿದ್ದಿರುವಾಗ ಕಾಯಿಯ ಸುತ್ತಲಿನ ಒಣ ಎಲೆ ಮೆತ್ತಗಿರುತ್ತದೆ. ಬಿಸಿಲೇರಿದರೆ ಅದೇ ಎಲೆ ಮುಟ್ಟಿದಲ್ಲೇ ಪುಡಿಯಾಗಿ ಹತ್ತಿಗೆ ಮೆತ್ತಿಕೊಳ್ಳುತ್ತದೆ, ಪೇಟೆಯಲ್ಲಿ ದರ ಇಳಿಯುತ್ತದೆ. ಅಣ್ಣಿಗೇರಿಗೂ ನವಲಗುಂದಕ್ಕೂ ನಡುವಿನ ನಮ್ಮೂರಲ್ಲಿ ಎಪ್ಪತ್ತರ ದಶಕದಲ್ಲಿ ಬಿಡಿಸುವವರೆಲ್ಲ ಹೆಂಗಸರು, ಅವರ ಬೆನ್ನಿಗೆ ನಮ್ಮಂಥ ಮಕ್ಕಳು. ಸೀರೆಯ ಮೇಲೆ ಹಳೇ ಧೋತರದ ತುಂಡನ್ನು ಉಡಿಯಾಗಿ ಕಟ್ಟಿಕೊಂಡು, ಬಗ್ಗಿದ ಬೆನ್ನನ್ನು ಸಾಲಿನ ತುದಿ ಮುಟ್ಟುವ ತನಕ ಎತ್ತದೆ ನಡೆಯುತ್ತಿದ್ದರು. ಉಡಿ ತುಂಬಿದರೆ ಬದುವಿನ ಗೋಣಿತಟ್ಟಿನ ಮೇಲೆ ಸುರಿದು ಮತ್ತೆ ಸಾಲು ಹಿಡಿಯುವುದು.

ಶಿವರಾತ್ರಿಯಿಂದ ಯುಗಾದಿಯವರೆಗೆ ಅವ್ವನ ಬೆರಳು ಮಾಯುತ್ತಿರಲಿಲ್ಲ. ಒಣಕಾಯಿಯ ತುದಿ ಉಗುರಿನ ಸಂದಿಯಲ್ಲಿ ಚುಚ್ಚಿ ಚುಚ್ಚಿ ಚರ್ಮ ಎದ್ದಿರುತ್ತಿತ್ತು. ರಾತ್ರಿ ಎಣ್ಣೆ ಸವರಿಕೊಂಡು ಮಲಗಿ, ಬೆಳಿಗ್ಗೆ ಅದೇ ಕೈಯಿಂದ ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಿದ್ದಳು. ಖಾರ ಅರೆಯುವ ಕೆಲಸವೊಂದು ಮಾತ್ರ ಆ ದಿನಗಳಲ್ಲಿ ನನ್ನ ಪಾಲಿಗೆ ಬರುತ್ತಿತ್ತು.

ಆಗ ನಮ್ಮ ಎರಿಹೊಲದ ಹತ್ತಿ ಎಂದರೆ ಜಯಧರ. ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿತ್ತಿದ್ದು, ಮಣ್ಣಿನ ತೇವದ ಮೇಲೆಯೇ ನಿಂತು ಕಾಯಿ ಕಟ್ಟುತ್ತಿತ್ತು. ನೀರು ಹಾಯಿಸುವುದು ಬೇಡ, ಔಷಧಿ ಹೊಡೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಈಗಲೂ ಕೆಲವರು ಆ ತಳಿಯನ್ನು ನೆನೆದು ಮರುಗುತ್ತಾರೆ, ಅದರಲ್ಲಿ ಸುಳ್ಳಿಲ್ಲ. ಆದರೆ ಜಯಧರದ ಕಾಯಿ ಬಲು ಸಣ್ಣದು. ಒಂದು ಕಿಲೋ ಹತ್ತಿ ಕೂಡಬೇಕಾದರೆ ಐದುನೂರಕ್ಕೂ ಹೆಚ್ಚು ಕಾಯಿಗೆ ಕೈ ಹಾಕಬೇಕು. ರೈತನ ಖರ್ಚು ಉಳಿಸಿದ ತಳಿಯೇ ಬಿಡಿಸುವವಳ ಸೊಂಟ ಮುರಿಯುತ್ತಿತ್ತು. ಮರುಗುವವರು ಈ ಮಾತನ್ನು ಆಡಿದ್ದು ನಾನು ಕೇಳಿಲ್ಲ.

ಕೂಲಿಯನ್ನು ದುಡ್ಡಿನಲ್ಲಿ ಕೊಡುತ್ತಿರಲಿಲ್ಲ. ಸಂಜೆ ಪ್ರತಿಯೊಬ್ಬಳೂ ತಾನು ಬಿಡಿಸಿದ್ದನ್ನು ಗುಂಪಿ ಮಾಡಿ ಇಡಬೇಕು. ಹೊಲದ ಒಡೆಯರ ಮನೆಯ ಗೌಡಸಾನಿ ಬಂದು ಪಾಲು ಹಾಕುತ್ತಿದ್ದರು. ಆ ಪಾಲು ಊರೂರಿಗೆ ಬೇರೆ, ಒಂದೇ ಊರಲ್ಲಿ ಮನೆ ಮನೆಗೂ ಬೇರೆ.

“ಇದು ಸಣ್ಣದಾತರೀ ಯವ್ವಾ, ಇನ್ನೊಂದ್ ಹಿಡಿ ಹಾಕ್ರಿ,” ಎಂದು ಅವ್ವ ಕೇಳುತ್ತಿದ್ದಳು.

“ದಿನಾ ಇದ ಆತಲ್ಲ ನಿಂದು, ತಗೋ,” ಎಂದು ಅವರು ಅರ್ಧ ಹಿಡಿ ಹಾಕುತ್ತಿದ್ದರು.

ಒಡೆಯರೂ ಅವ್ವನೂ ಎದುರುಬದುರು ನಿಂತು ಜಗಳಾಡಬಹುದಿತ್ತು ಎನ್ನುವುದಷ್ಟೇ ಆಗಿನ ಅನುಕೂಲ. ಜಗಳದಲ್ಲಿ ಗೆಲ್ಲುತ್ತಿದ್ದವರು ಯಾವಾಗಲೂ ಅವರೇ.

ಪಾಲಿನ ಹತ್ತಿ ಊರ ಅಂಗಡಿಗೆ ಹೋಗಿ ಎಣ್ಣೆ, ಬೆಲ್ಲ, ಚಹಾಪುಡಿಯಾಗಿ ಮನೆಗೆ ಬರುತ್ತಿತ್ತು. ಒಡೆಯರ ಹತ್ತಿಯನ್ನು ಅಂಡಿಗೆಯಲ್ಲಿ ತುಳಿದು ತುಂಬಿ, ಚಕ್ಕಡಿ ಹೂಡಿ ಅಣ್ಣಿಗೇರಿಯ ಜಿನ್ನಿಗೋ ಹುಬ್ಬಳ್ಳಿಯ ಪೇಟೆಗೋ ಒಯ್ಯುತ್ತಿದ್ದರು. ಜಿನ್ನಿನೊಳಗೂ ಮತ್ತೆ ಹೆಂಗಸರೇ. ಹತ್ತಿಯಲ್ಲಿನ ಕಸ ಆರಿಸುವುದು, ಯಂತ್ರದ ಬಾಯಿಗೆ ತಳ್ಳುವುದು ಅವರ ಕೆಲಸ. ಹುಬ್ಬು, ರೆಪ್ಪೆ, ಸೆರಗು ಎಲ್ಲ ಬೆಳ್ಳಗಾಗಿ ಹೊರಗೆ ಬರುತ್ತಿದ್ದರು. ಹಂಗಾಮು ಮುಗಿದು ತಿಂಗಳಾದರೂ ನಮ್ಮ ಓಣಿಯ ದೊಡ್ಡವ್ವನ ಕೆಮ್ಮು ನಿಲ್ಲುತ್ತಿರಲಿಲ್ಲ. ಅದು ಜಿನ್ನಿನ ಧೂಳಿನ ಕೆಮ್ಮೆಂದು ಎಲ್ಲರಿಗೂ ಗೊತ್ತಿತ್ತು. ವೈದ್ಯರ ಹತ್ತಿರ ಹೋಗಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಜಿನ್ನು ಬರುವ ಮೊದಲು ಹತ್ತಿಯಿಂದ ಕಾಳು ಬೇರ್ಪಡಿಸುವ ಕೆಲಸ ನಡೆಯುತ್ತಿದ್ದದ್ದು ಹೆಂಗಸರ ಕಾಲಿನಿಂದ. 1884ರಲ್ಲಿ ಅಚ್ಚಾದ ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ ಧಾರವಾಡ ಸಂಪುಟದಲ್ಲಿ ಅದರ ವಿವರ ಇದೆ. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಸಣ್ಣ ಮಣೆಯ ಮೇಲೆ ಕುಳಿತು, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಹಿಂದೆ ಮುಂದೆ ಉರುಳಿಸುತ್ತ ಹೋದರೆ ಕಾಳು ಮುಂದಕ್ಕೆ ಸಿಡಿದು ಅರಳೆ ಹಿಂದೆ ಉಳಿಯುತ್ತದೆ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಚಕ್ಕಡಿಗಳು ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋದವು. ಆ ಹಣದಿಂದ ಎದ್ದ ವಾಡೆಗಳು ನಮ್ಮ ಕಡೆ ಇನ್ನೂ ನಿಂತಿವೆ. ಕಾಲು ಸವೆಸಿದ ಹೆಂಗಸರ ಮನೆಯಲ್ಲಿ ಆ ಹಣದಿಂದ ಏನು ಎದ್ದಿತೆಂದು ಬರೆದಿಟ್ಟವರಿಲ್ಲ.

“ಆಗಿನ ಬಟ್ಟಿ ಗಟ್ಟಿ ಇರ್ತಿತ್ತು” ಎಂಬ ಮಾತನ್ನು ಎಲ್ಲ ಮನೆಯಲ್ಲೂ ಕೇಳುತ್ತೇವೆ. ಗಟ್ಟಿ ಇದ್ದದ್ದು ನಿಜ. ಅವ್ವನಿಗೆ ಎರಡು ಸೀರೆ, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಹರಿದರೆ ತೇಪೆ, ತೇಪೆಯೂ ಹರಿದರೆ ಕೌದಿ. ಮಧ್ಯಾಹ್ನ ಹೊಲದ ಕೆಲಸ ಇಲ್ಲದ ದಿನ ಓಣಿಯ ನಾಲ್ಕು ಹೆಂಗಸರು ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಸುತ್ತಲೂ ಕುಳಿತು ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಿದ್ದರು. ಒಂದು ಕೌದಿ ಮುಗಿಯುವುದಕ್ಕೆ ಎಷ್ಟೋ ಮಧ್ಯಾಹ್ನಗಳು ಬೇಕು. ಅದನ್ನು ವಿರಾಮ ಎಂದು ಕರೆಯುತ್ತಿದ್ದರು. ಈಗ ನಗರದ ಅಂಗಡಿಗಳಲ್ಲಿ ಕೌದಿ ಸಾವಿರಾರು ರೂಪಾಯಿಗೆ ಮಾರಾಟವಾಗುವುದನ್ನು ನೋಡಿದಾಗ ನನಗೆ ಸಂತೋಷವೇ ಆಗುತ್ತದೆ. ಅದು ದುಡಿಮೆ ಎಂದು ಕಡೆಗೂ ಒಂದು ಚೀಟಿಯ ಮೇಲೆ ಬರೆದರಲ್ಲ.

ನಮ್ಮೂರ ಶಿಂಪಿಗರ ಕಾಕಾ ವರ್ಷವಿಡೀ ಒಂದೇ ಮಷಿನ್ ತುಳಿದು ಊರಿಗೆಲ್ಲ ಅಂಗಿ ಹೊಲಿದವರು. ದೀಪಾವಳಿ, ಯುಗಾದಿ, ಮದುವೆ ಹಂಗಾಮುಗಳಲ್ಲಿ ಕಂದೀಲು ಹಚ್ಚಿಕೊಂಡು ರಾತ್ರಿಯಿಡೀ ಕೂಡುತ್ತಿದ್ದರು. ಅಳತೆ ಹಿಡಿಯುವಾಗ ನಮ್ಮಪ್ಪ ಹೇಳುತ್ತಿದ್ದದ್ದು ಒಂದೇ: “ಬೆಳಿಯೂ ಹುಡುಗ್ರದಾವ, ಎರಡ ಬಟ್ಟ ಹೆಚ್ಚಗೀ ಹೊಲಿ.” ಊರಿಗೆ ಕಾಣುತ್ತಿದ್ದದ್ದು ಕಾಕಾ ಮತ್ತು ಅವರ ಮಷಿನ್. ಒಳಗೆ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಅವರ ಮನೆಯಾಕೆ ಕೂತಿರುತ್ತಿದ್ದರು. ಪ್ರತಿ ಅಂಗಿಯ ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಚಿ ಕೈಹೊಲಿಗೆ ಹಾಕುವುದು ಅವರ ಪಾಲು. ಕಾಜಾ ಎಂದರೆ ಬ್ಲೇಡಿನಿಂದ ಸೀಳಿ, ಸೀಳಿದ ಅಂಚಿನ ಸುತ್ತ ಒತ್ತೊತ್ತಾಗಿ ದಾರ ಸುತ್ತುತ್ತ, ಒಂದೊಂದು ಸುತ್ತಿಗೂ ಗಂಟು ಬಿಗಿಯುವುದು. ಒಂದು ಅಂಗಿಗೆ ಅಂಥವು ಆರೇಳು. ಹೊಲಿಗೆಯ ಕೂಲಿ ಕಾಕಾನ ಕೈಗೆ ಬರುತ್ತಿತ್ತು. ಕಾಜಾದ ಕೂಲಿ ಎಂದು ಬೇರೆ ಇರಲಿಲ್ಲ. ಮುಪ್ಪಿನಲ್ಲಿ ಆಕೆಗೆ ಸೂಜಿಯ ಕಣ್ಣು ಕಾಣದಾಯಿತು. ಮೊಮ್ಮಗಳನ್ನು ಕರೆದು ದಾರ ಪೋಣಿಸಿಕೊಂಡು ಹೊಲಿಗೆ ಮುಂದುವರಿಸುತ್ತಿದ್ದರು.

ಅತ್ತ ಹೊಲದಲ್ಲಿ ಹತ್ತಿಯೇ ಬದಲಾಯಿತು. 1972ರಲ್ಲಿ ಧಾರವಾಡದ ಸಂಶೋಧನೆಯಿಂದ ವರಲಕ್ಷ್ಮಿ ಎಂಬ ಸಂಕರಣ ಹತ್ತಿ ಬಂತು. ಉದ್ದ ಎಳೆ, ಒಳ್ಳೆಯ ದರ. ಮಲಪ್ರಭೆಯ ಕಾಲುವೆ ನೀರು ಕಂಡ ಹೊಲಗಳಲ್ಲಿ ಎಲ್ಲರೂ ಅದನ್ನೇ ಹಾಕಿದರು. ಕೆಲವು ವರ್ಷಗಳ ಮೇಲೆ ದರ ಕುಸಿಯಿತು, ಅದರ ಮೇಲೆ ನೀರಾವರಿಯ ಅಭಿವೃದ್ಧಿ ಕರದ ವಸೂಲಿ ಬಂತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಎದ್ದರು, ಗೋಲಿಬಾರ್ ನಡೆದು ಪ್ರಾಣ ಹೋದವು. ಪ್ರತಿವರ್ಷ ಆ ದಿನ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಅದು ಸರಿಯಾದ ಗೌರವ. ಆ ಹೋರಾಟದಲ್ಲಿ ಕೇಳಿದ ಹತ್ತಿಯ ದರದೊಳಗೆ ಹತ್ತಿ ಬಿಡಿಸಿದವರ ಕೂಲಿಯ ಮಾತು ಇತ್ತೇ ಎಂದು ನಾನು ಹಿರಿಯರನ್ನು ಕೇಳಿದ್ದೇನೆ. ಯಾರಿಗೂ ನೆನಪಿಲ್ಲ.

ಸಂಕರಣ ಹತ್ತಿಯ ಜೊತೆಗೆ ಇನ್ನೊಂದು ಕೆಲಸ ಹುಟ್ಟಿತು. ಈ ಬೀಜವನ್ನು ರೈತ ತನ್ನ ಹೊಲದಿಂದ ಎತ್ತಿಟ್ಟುಕೊಳ್ಳುವಂತಿಲ್ಲ, ವರ್ಷ ವರ್ಷವೂ ಹೊಸದಾಗಿ ಎರಡು ತಳಿಗಳನ್ನು ಕೂಡಿಸಬೇಕು, ಅದೂ ಒಂದೊಂದೇ ಹೂವನ್ನು ಕೈಯಿಂದ. ಧಾರವಾಡ, ಹಾವೇರಿ, ಗದಗ, ಕೊಪ್ಪಳದ ಕಡೆ ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಮರುದಿನ ಅರಳಬೇಕಾದ ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಎಸಳು ಮತ್ತು ಕೇಸರವನ್ನು ಸುತ್ತಲೂ ಸೀಳಿ ತೆಗೆಯಬೇಕು. ನಡುವಿನ ಎಳೆಗೆ ಉಗುರು ತಾಗಿದರೆ ಆ ಹೂ ಹೋಯಿತು. ಬರಿದಾದ ಮೊಗ್ಗಿಗೆ ಕಾಗದದ ಟೊಪ್ಪಿಗೆ ತೊಡಿಸಿ, ಬೆಳಿಗ್ಗೆ ಬಂದು ಗಂಡುಹೂವಿನ ಪರಾಗವನ್ನು ಅದರ ಮೇಲೆ ಸವರಬೇಕು. 475 ಗ್ರಾಮಿನ ಒಂದು ಬೀಜದ ಪೊಟ್ಟಣದ ಹಿಂದೆ ಹೀಗೆ ಕೈಯಾಡಿಸಿದ ನೂರಕ್ಕೂ ಹೆಚ್ಚು ಹೂಗಳಿವೆ.

ಸಣ್ಣ ಬೆರಳು ಬೇಕು, ಗಿಡದ ಎತ್ತರಕ್ಕೆ ಸರಿಯಾಗುವ ಮೈ ಬೇಕು, ಕಡಿಮೆ ಕೂಲಿಗೆ ಎರಡು ತಿಂಗಳು ದಿನಾಲೂ ಬರುವವರು ಬೇಕು. ಹಾಗಾಗಿ ಬಂದವರು ಹೆಣ್ಣುಮಕ್ಕಳು. ತೊಂಬತ್ತರ ದಶಕದಲ್ಲಿ ನಮ್ಮ ಸುತ್ತಿನ ಶಾಲೆಗಳಲ್ಲಿ ದಸರೆಯ ಹೊತ್ತಿಗೆ ಐದು, ಆರನೇ ಇಯತ್ತೆಯ ಹುಡುಗಿಯರ ಸಾಲು ಖಾಲಿಯಾಗುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೋದವರಲ್ಲಿ ಕೆಲವರು ತಿರುಗಿ ಶಾಲೆಗೆ ಬರಲೇ ಇಲ್ಲ. ಔಷಧಿ ಹೊಡೆದ ಹೊಲದಲ್ಲೇ ಅವರು ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಅಪಾಯದ ಕೆಲಸಗಳಲ್ಲಿ ಮಕ್ಕಳನ್ನು ದುಡಿಸಬಾರದೆಂಬ ಕಾಯಿದೆ 1986ರಲ್ಲೇ ಬಂದಿದ್ದರೂ ಕುಟುಂಬದ ಕೆಲಸ ಎಂಬ ಒಂದು ಮಾತಿನ ಹಿಂದೆ ಇದೆಲ್ಲ ನಡೆಯಿತು. ಈಗ ಕಡಿಮೆಯಾಗಿದೆ. ಹಾಗೆ ಕಡಿಮೆಯಾಗುವುದಕ್ಕೆ ಒಂದು ಇಡೀ ಪೀಳಿಗೆಯ ಹುಡುಗಿಯರ ಓದು ಹೋಯಿತು.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಜಯಧರ ನಮ್ಮ ಕಡೆ ಕಾಣುವುದೇ ಅಪರೂಪವಾಯಿತು. ಬಿಟಿಯ ಕಾಯಿ ದೊಡ್ಡದು, ಇನ್ನೂರು–ಇನ್ನೂರೈವತ್ತು ಕಾಯಿಗೆ ಒಂದು ಕಿಲೋ. ಮುಂಗಾರಿಗೆ ಬಿತ್ತಿ ದೀಪಾವಳಿಯ ಸುತ್ತಿನಿಂದಲೇ ಬಿಡಿಸುತ್ತಾರೆ. ಭತ್ತದ ಸುಗ್ಗಿ ಮುಗಿಸಿದ ಕಲಘಟಗಿ ಕಡೆಯ ಹೆಂಗಸರು ಟಂಟಂ ಗಾಡಿಯಲ್ಲಿ ಒತ್ತಿಕೊಂಡು ಕೂತು ಎರಿಸೀಮೆಗೆ ಬರುತ್ತಾರೆ. ಬಿತ್ತಲು, ಎಡೆ ಹೊಡೆಯಲು, ಔಷಧಿ ಸಿಂಪಡಿಸಲು ಯಂತ್ರ ಬಂದಿವೆ. ಬಿಡಿಸುವುದು ಮಾತ್ರ ಇಂದಿಗೂ ಕೈಯಿಂದಲೇ. ಪಾಲಿನ ಗುಂಪಿ ಹೋಗಿ ಕಿಲೋ ಲೆಕ್ಕದ ಕೂಲಿ ಬಂದಿದೆ, ಊರ ಮೇಲೆ ಹತ್ತು, ಹನ್ನೆರಡು ರೂಪಾಯಿ. ತಕ್ಕಡಿ ಹಿಡಿಯುವವರು ಹೊಲದವರು ಅಥವಾ ಗಾಡಿ ಕರೆತಂದ ಮೇಸ್ತ್ರಿ. ತೇವಕ್ಕೆ, ಚೀಲಕ್ಕೆ ಎಂದು ಒಂದಿಷ್ಟು ಮುರಿದುಕೊಂಡೇ ಬರೆಯುತ್ತಾರೆ. ಕಳೆದ ಹಂಗಾಮಿನಲ್ಲಿ ಒಂದು ಹೊಲದ ಬದುವಿನಲ್ಲಿ ನಿಂತು ನೋಡಿದೆ. ತೂಗುವ ಎಲೆಕ್ಟ್ರಾನಿಕ್ ಕಾಟಾದ ಅಂಕಿ ಇರುವ ಮುಖ ತೂಗುವವನ ಕಡೆಗಿತ್ತು, ಬಿಡಿಸಿದವಳ ಕಡೆಗಿರಲಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಮೂರು ಕಿಲೋ ಹತ್ತಿಯಿಂದ ಹೆಚ್ಚುಕಡಿಮೆ ಒಂದು ಕಿಲೋ ಅರಳೆ ಬರುತ್ತದೆ, ಉಳಿದದ್ದು ಹತ್ತಿಕಾಳು. ನಾವು ತೊಡುವ ಒಂದು ಅಂಗಿಯ ತೂಕ ಇನ್ನೂರು, ಇನ್ನೂರೈವತ್ತು ಗ್ರಾಂ. ನೂಲುವಾಗ, ಕತ್ತರಿಸುವಾಗ ಹೋಗುವ ಲುಕ್ಸಾನು ಹಿಡಿದರೂ ಒಂದು ಹತ್ತಿ ಅಂಗಿಗೆ ಸುಮಾರು ಒಂದು ಕಿಲೋ ಹತ್ತಿ ಸಾಕು. ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ನಾವು ಕೊಳ್ಳುವ ಅಂಗಿಯ ಬೆಲೆ ಎಷ್ಟೇ ಇರಲಿ, ಇನ್ನೂರಕ್ಕೂ ಹೆಚ್ಚು ಸಲ ಬಗ್ಗಿ ಕೈ ಹಾಕಿದವಳಿಗೆ ಅದರಲ್ಲಿ ಸಿಕ್ಕದ್ದು ಹತ್ತು ಹನ್ನೆರಡು ರೂಪಾಯಿ. ಅವಳ ಕೂಲಿ ಎರಡು ಪಟ್ಟಾದರೂ ಅಂಗಿಯ ಮೇಲೆ ಬೀಳುವ ಹೆಚ್ಚಿನ ಭಾರ ಅಷ್ಟೇ. ಕೂಲಿ ಹೆಚ್ಚಿದರೆ ಬಟ್ಟೆ ತುಟ್ಟಿಯಾಗುತ್ತದೆ ಎನ್ನುವವರು ಈ ಲೆಕ್ಕವನ್ನು ಹಾಕಿಲ್ಲ.

ಅಂಗಿ ಹೊಲಿಯುವ ಕಡೆ ಏನಾಗಿದೆ? ಶಿಂಪಿಗರ ಕಾಕಾನ ಮಗ ಈಗ ಹರಿದ ಪ್ಯಾಂಟಿಗೆ ಹೊಲಿಗೆ ಹಾಕುವುದು, ಜಿಪ್ ಬದಲಿಸುವುದು, ಶಾಲೆಯ ಸಮವಸ್ತ್ರ ಹೊಲಿಯುವುದರಲ್ಲಿ ದಿನ ದೂಡುತ್ತಾರೆ. ನನ್ನ ತಂಗಿಯ ಮಗಳು ಬೆಂಗಳೂರಿನ ಒಂದು ಗಾರ್ಮೆಂಟಿಗೆ ಸೇರಿ ವರ್ಷಗಳಾದವು. ಅಲ್ಲಿ ಒಬ್ಬರು ಇಡೀ ಅಂಗಿ ಹೊಲಿಯುವುದಿಲ್ಲ. ಕಾಲರಿಗೆ ಒಬ್ಬಳು, ತೋಳಿಗೆ ಒಬ್ಬಳು, ಜೇಬಿಗೆ ಒಬ್ಬಳು. ಇವಳದು ಕಾಜಾ ಮಷಿನ್. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದಿರುತ್ತಾರೆ. “ನೀರ ಕಡಿಮಿ ಕುಡಿತೀವಿ ದೊಡ್ಡವ್ವ, ಎದ್ದ ಹೋದ್ರ ಪೀಸ್ ಕೂಡಿ ಬೀಳ್ತಾವು,” ಎಂದು ನನಗೆ ಹೇಳಿದಳು. ಶಿಂಪಿಗರ ಮನೆಯ ಆ ಹೆಂಗಸಿಗೆ ಸಿಗದ ಸಂಬಳ, ಭವಿಷ್ಯನಿಧಿ, ಇಎಸ್ಐ ಚೀಟಿ ಇವಳಿಗೆ ಸಿಗುತ್ತದೆ. ಇದು ಸಣ್ಣ ಮಾತಲ್ಲ. ಭವಿಷ್ಯನಿಧಿ ಹಿಂಪಡೆಯಲು ತಂದ ನಿರ್ಬಂಧದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು, ಎರಡೇ ದಿನದಲ್ಲಿ ಕೇಂದ್ರ ಸರಕಾರ ಆ ನಿಯಮ ಹಿಂದಕ್ಕೆ ಪಡೆಯಿತು. ಒಂದೇ ಸೂರಿನ ಕೆಳಗೆ ನೂರಾರು ಜನ ದುಡಿಯುವುದರಿಂದ ಅವರಿಗೆ ಅಷ್ಟು ಬಲ ಬಂತು. ಹತ್ತಿ ಬಿಡಿಸುವವರು ಇವತ್ತು ಒಂದು ಹೊಲ, ನಾಳೆ ಇನ್ನೊಂದು ಹೊಲ. ಅವರಿಗೆ ಹಾಜರಿ ಪುಸ್ತಕವಿಲ್ಲ, ಸಂಬಳದ ಚೀಟಿಯಿಲ್ಲ.

ನಮ್ಮ ಜಿಲ್ಲೆಯಲ್ಲೇ ಒಂದು ಬಟ್ಟೆಗೆ ದೇಶವೆಲ್ಲ ತಲೆಬಾಗುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ಹೊಲಿಯುತ್ತದೆ. ನೂಲುವವರಿಂದ ಹೊಲಿಯುವವರವರೆಗೆ ಅಲ್ಲೂ ಬಹುಪಾಲು ಹೆಂಗಸರೇ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಯಂತ್ರದ ಪಾಲಿಯೆಸ್ಟರ್ ಬಟ್ಟೆಗೂ ಒಪ್ಪಿಗೆ ಕೊಟ್ಟ ಮೇಲೆ ಅವರ ಕೆಲಸಕ್ಕೆ ಪೆಟ್ಟು ಬಿತ್ತು. ಹತ್ತಿಯ ನಾಡಿನಲ್ಲಿ ಇದು ಆಗಬಾರದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

2025–26ರ ಹಂಗಾಮಿಗೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ 7,710 ರೂಪಾಯಿ ಬೆಂಬಲ ಬೆಲೆ ಗೊತ್ತಾಯಿತು. ಆ ಬೆಲೆ ಕಟ್ಟುವಾಗ ಬಿಡಿಸುವ ಕೂಲಿಯ ಖರ್ಚನ್ನೂ ಹಿಡಿದಿರುತ್ತಾರೆ. ಖರೀದಿ ಕೇಂದ್ರದಲ್ಲಿ ರೈತನ ಪಹಣಿ, ಆಧಾರ್ ನೋಡಿ ಬರೆದುಕೊಳ್ಳುತ್ತಾರೆ. ಅದೇ ಹಾಳೆಯಲ್ಲಿ ಹತ್ತಿ ಬಿಡಿಸಿದವರ ಹೆಸರು, ತೂಕ, ಕೊಟ್ಟ ಕೂಲಿ ಬರೆಯಲು ಒಂದು ಸಾಲು ಇರಲಿ. ಹೊಲದ ಕಾಟಾದ ಅಂಕಿ ಬಿಡಿಸಿದವಳಿಗೂ ಕಾಣುವ ಹಾಗಿರಲಿ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ರೈತ ಸಂಘಟನೆಗಳಿಗೆ ನನ್ನ ಕೇಳಿಕೆ ಇಷ್ಟೇ: ಬರುವ ಜುಲೈ 21ರಂದು ಓದುವ ಬೇಡಿಕೆಗಳಲ್ಲಿ ಈ ಎರಡನ್ನೂ ಸೇರಿಸಿಕೊಳ್ಳಿ.