ತಮ್ಮನ ವಿಮಾನಕ್ಕೊಂದು ಎಂಜಿನ್

"ಗ್ಯಾಸ್ ಎಂಜಿನ್ ಬೇಕಾಗ್ಯದ" ಅಂತ ತಮ್ಮ ಊಟಕ್ಕೆ ಕೂತಾಗ ಹೇಳಿದ. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಒಲೆಯ ಪಕ್ಕದ ಸಿಲಿಂಡರ್ ಕಡೆ ನೋಡಿದಳು. "ಇರೋದು ಒಂದೇ ಅದ, ಅದರ ಮ್ಯಾಲ ಕಣ್ಣ ಹಾಕಬ್ಯಾಡ" ಅಂದಳು.

ಅಮೆರಿಕದವರು ಪೆಟ್ರೋಲಿಗೆ ಗ್ಯಾಸ್ ಅನ್ನುತ್ತಾರೆ. ರಿಮೋಟಿನಿಂದ ಹಾರಿಸುವ ದೊಡ್ಡ ಮಾದರಿ ವಿಮಾನಗಳ ಪೆಟ್ರೋಲ್ ಎಂಜಿನ್ನಿಗೂ ಅದೇ ಹೆಸರು ಅಂಟಿಕೊಂಡಿದೆ. ಇದನ್ನು ವಿವರಿಸಿದ ಮೇಲೆ ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಅಪ್ಪನಿಗೆ ಏನೂ ಕೇಳಿಸಿರಲಿಲ್ಲ. ಮೂವತ್ತು ವರ್ಷ ಶಹಾಬಾದಿನ ಫರ್ಸಿ ಪಾಲಿಶ್ ಮಷಿನ್ನುಗಳ ಪಕ್ಕ ನಿಂತು ಅವನ ಕಿವಿ ಹೋಗಿವೆ.

ವಿಮಾನದ ಹುಚ್ಚು ತಮ್ಮನಿಗೆ ಹತ್ತಿದ್ದು ನನ್ನಿಂದಲೇ. ನನ್ನ ಪಿಎಚ್‌ಡಿ ಇರುವುದು ಬೆಂಗಳೂರಿನ ವಿಮಾನ ಕಾರ್ಖಾನೆಯ ಇತಿಹಾಸದ ಮೇಲೆ. ರಜೆಗೆ ಬಂದಾಗ ಎಚ್‌ಟಿ-2 ಕತೆ ಹೇಳಿದ್ದೆ. ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ, 1951ರಲ್ಲಿ ಮೊದಲು ಹಾರಿದ, ಎರಡು ಸೀಟಿನ ತರಬೇತಿ ವಿಮಾನ ಅದು. ಡಿಪ್ಲೊಮಾ ಓದುತ್ತಿದ್ದ ತಮ್ಮ ಅದನ್ನು ಐದನೇ ಒಂದರಷ್ಟು ಅಳತೆಯಲ್ಲಿ ಕಟ್ಟಲು ಕೂತ. ನಿಜವಾದ ರೆಕ್ಕೆಯ ಅಗಲ 10.7 ಮೀಟರ್, ನಮ್ಮದು 2.14. ಬಾಲ್ಸಾ ಕಟ್ಟಿಗೆ, ಪ್ಲೈವುಡ್, ಥರ್ಮೋಕೋಲ್ ಸೇರಿ ಎಂಟು ತಿಂಗಳಲ್ಲಿ ನಡುಮನೆಯ ಅರ್ಧ ಜಾಗ ವಿಮಾನದ್ದಾಯಿತು. ಉಳಿದದ್ದು ಎಂಜಿನ್.

ಮೊದಲು ಗ್ಲೋ ಎಂಜಿನ್ ವಿಚಾರ ಬಂತು. ಅದು ಕುಡಿಯುವುದು ಮೆಥನಾಲ್, ಎಣ್ಣೆ ಮತ್ತು ಒಂದಿಷ್ಟು ನೈಟ್ರೊಮೀಥೇನ್ ಬೆರೆಸಿದ ಇಂಧನ. ಸಣ್ಣ ವಿಮಾನಕ್ಕೆ ಚೆಂದ, ದೊಡ್ಡದಕ್ಕೆ ಖರ್ಚು ಜಾಸ್ತಿ. ಅಲ್ಲದೆ ನಮ್ಮೂರಲ್ಲಿ ಮೆಥನಾಲ್ ಕೇಳುತ್ತ ತಿರುಗಿದರೆ ಇಂಧನಕ್ಕಿಂತ ಮೊದಲು ಪೊಲೀಸರು ಮನೆಗೆ ಬಂದಾರು. ಪೆಟ್ರೋಲಾದರೆ ಬಂಕಿನಲ್ಲಿ ಸಿಗುತ್ತದೆ. ಒಂದು ಲೀಟರಿಗೆ 31 ಮಿಲಿಲೀಟರ್ ಟೂ-ಸ್ಟ್ರೋಕ್ ಆಯಿಲ್ ಬೆರೆಸಿದರೆ 32ಕ್ಕೆ 1ರ ಹದ ಸಿಕ್ಕಿತು.

ತಮ್ಮನ ಮನಸ್ಸು ನಿಂತದ್ದು ಹೊರದೇಶದ 55 ಸಿಸಿ ಎಂಜಿನ್ ಮೇಲೆ. 22 ಇಂಚಿನ ಪ್ರೊಪೆಲ್ಲರ್ ತಿರುಗಿಸುವಂಥದ್ದು, ಐದು ಅಶ್ವಶಕ್ತಿಗೂ ಮೇಲೆ ಅಂತ ಕಂಪನಿಯ ಮಾತು. ಅರ್ಧ ದುಡ್ಡು ನನ್ನದು ಅಂತ ಅವನೇ ಲೆಕ್ಕ ಹಾಕಿಬಿಟ್ಟಿದ್ದ.

ನಾನು ಪೆನ್ನು ಹಿಡಿದು ಕೂತೆ. ನಿಜವಾದ ಎಚ್‌ಟಿ-2ರ ಸಿರಸ್ ಮೇಜರ್ ಎಂಜಿನ್ 155 ಅಶ್ವಶಕ್ತಿಯದು. ತುಂಬಿದ ವಿಮಾನದ ತೂಕ ಸುಮಾರು ಒಂದು ಟನ್. ಅಂದರೆ ಕಿಲೋ ತೂಕಕ್ಕೆ 0.15 ಅಶ್ವಶಕ್ತಿ. ನಮ್ಮದು ಎಂಟು ಕಿಲೋ ಆದೀತು, ಎರಡು ಅಶ್ವಶಕ್ತಿ ಸಿಕ್ಕರೂ ಕಿಲೋಗೆ 0.25. ಅಳತೆ ಚಿಕ್ಕದಾದಾಗ ಲೆಕ್ಕ ಅಷ್ಟು ಸರಳವಲ್ಲ, ಆದರೂ ಅಂದಾಜಿಗೆ ಸಾಕು. 55 ಸಿಸಿ ಹಾಕಿದರೆ ಅದು 0.6 ದಾಟುತ್ತದೆ. "ಇದು ಕಲಿಯೋರ ವಿಮಾನ, ರಾಕೆಟ್ ಅಲ್ಲ. 35 ಸಿಸಿ ಸಾಕು" ಅಂದೆ.

"ಬಾಲ ಭಾರ ಆಗ್ಯದಣ್ಣ. ಮೂತ್ಯಾಗ ಹಗುರ ಎಂಜಿನ್ ಇಟ್ರ ಮತ್ತ ಸೀಸ ಕಟ್ಟಬೇಕು. ಸತ್ತ ಭಾರ ಹೊರೋದಕ್ಕಿಂತ ದೊಡ್ಡ ಎಂಜಿನ್ ಯಾಕ ಬ್ಯಾಡ?"

ಅವನ ಮಾತಿನಲ್ಲೂ ಹುರುಳಿತ್ತು. ನಾನು ಮಾರುತ್ ಕತೆ ತೆಗೆದೆ. ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಫ್-24 ಮಾರುತ್ ರೂಪಿಸಿದಾಗ ಅದಕ್ಕೆಂದು ಗುರುತು ಮಾಡಿದ್ದು ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್. ಆ ಎಂಜಿನ್ನಿನ ಕೆಲಸ ನಡುವೆಯೇ ನಿಂತಿತು. 1961ರ ಜೂನ್ 17ರಂದು ಮಾರುತ್ ಹಾರಿತು, ಆದರೆ ಕಡಿಮೆ ಬಲದ ಆರ್ಫಿಯಸ್ 703 ಹೊತ್ತುಕೊಂಡು. ಮೈ ಶಬ್ದಕ್ಕಿಂತ ವೇಗಕ್ಕೆ ತಯಾರಾಗಿತ್ತು, ಉಸಿರು ಸಾಲಲಿಲ್ಲ. 1971ರ ಯುದ್ಧದಲ್ಲಿ ಚೆನ್ನಾಗಿಯೇ ದುಡಿಯಿತು, ಆದರೂ ಆಗಬೇಕಾದದ್ದು ಆಗಲಿಲ್ಲ. "ಕೈಗೆ ಸಿಗದ ಎಂಜಿನ್ ನಂಬಿ ವಿಮಾನ ಕಟ್ಟಬಾರದು" ಅಂತ ಮುಗಿಸಿದೆ.

"ನಿನಗ ನನ್ನ ವಿಮಾನ ಹಾರೋದು ಬ್ಯಾಡಾಗ್ಯದ" ಅಂತ ತಮ್ಮ ಎದ್ದು ಹೋದ.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ನಾನು ಹೇಳಿದ ತೂಕದ ಲೆಕ್ಕ ಸರಿಯಾಗಿತ್ತು. ಹೇಳದೇ ಉಳಿಸಿದ್ದು ಖಾತೆಯ ಲೆಕ್ಕ. ಮೂರು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ. 55 ಇರಲಿ, 35 ಸಿಸಿಗೂ ನನ್ನ ಬಳಿ ದುಡ್ಡಿರಲಿಲ್ಲ. ಮನೆಗೆ ಮೊದಲ ಡಾಕ್ಟರೇಟು ತರಬೇಕಾದವನು ಆ ಮಾತು ಹೇಳಲಾರದೆ ಕುರ್ಟ್ ಟ್ಯಾಂಕರ ಹಿಂದೆ ಅಡಗಿ ಕೂತಿದ್ದೆ.

ಮರುದಿನ ಅಪ್ಪ ಒಂದು ಗೋಣಿಚೀಲ ತಂದು ಅಂಗಳದಲ್ಲಿಟ್ಟ. ಒಳಗೆ ಹುಲ್ಲು ಕತ್ತರಿಸುವ ಬ್ರಶ್ ಕಟರಿನ 43 ಸಿಸಿ ಎಂಜಿನ್. ಪಾಲಿಶ್ ಕೆಲಸ ಬಿಟ್ಟ ಮೇಲೆ ಅಪ್ಪ ರೈತರ ಔಷಧ ಹೊಡೆಯುವ ಪಂಪು, ಬ್ರಶ್ ಕಟರ್ ರಿಪೇರಿ ಮಾಡುತ್ತಾನೆ. ಯಾರೋ ಹಳೇ ಬಾಕಿಗೆ ಬಿಟ್ಟುಹೋದ ಮಷಿನ್ ಅದು. ನಮ್ಮ ಜಗಳ ಕಿವಿಗೆ ಬೀಳದಿದ್ದರೂ ಅವನಿಗೆ ಎಲ್ಲಾ ತಿಳಿದಿತ್ತು.

"ಹೊರಗಿಂದು ಕೆಟ್ರ ಯಾರ್ ಮಾಡ್ತಾರ?" ಅಂತ ಕೇಳಿದ. "ಇದರ ರಿಂಗು, ಪ್ಲಗ್ಗು, ಕಾರ್ಬೊರೇಟರಿನ ಪರದೆ ಎಲ್ಲಾ ಕಲಬುರಗ್ಯಾಗ ಸಿಗ್ತಾವ. ಮಾಡ್ಲಿಕ್ಕ ನಾ ಇದ್ದೀನಿ."

ಬಿಚ್ಚಿ ನೋಡಿದೆವು. ಟ್ಯಾಂಕು, ಮುಚ್ಚಳ, ಕ್ಲಚ್ಚು ತೆಗೆದ ಮೇಲೂ ಎರಡು ಕಿಲೋ ಹತ್ತಿರ ತೂಗಿತು. ಮಾದರಿ ವಿಮಾನಕ್ಕೆಂದೇ ಮಾಡಿದ 35 ಸಿಸಿ ಎಂಜಿನ್ ಒಂದು ಕಿಲೋ ಆಸುಪಾಸು. ಬೇರೆ ವಿಮಾನಕ್ಕಾದರೆ ಈ ಭಾರ ದೊಡ್ಡ ಕುಂದು. ಬಾಲ ಭಾರವಾದ ನಮ್ಮ ವಿಮಾನಕ್ಕೆ ಅದೇ ಸೀಸದ ಕೆಲಸ ಮಾಡಿತು. ಕಿಡಿಗೆ ಮ್ಯಾಗ್ನೆಟೊ ಇದ್ದುದರಿಂದ ಬೇರೆ ಬ್ಯಾಟರಿಯೂ ಬೇಡ. ಕಿಡಿಯ ತಂತಿಯನ್ನು ರಿಸೀವರಿನಿಂದ ಒಂದು ಅಡಿಯಾದರೂ ದೂರ ಇಟ್ಟರಾಯಿತು.

ಕ್ಲಚ್ ಜಾಗಕ್ಕೆ ಪ್ರೊಪೆಲ್ಲರ್ ಕೂರಿಸುವ ಹಬ್ ಬೇಕಿತ್ತು, ಲೇತಿನಲ್ಲಿ ಮಾಡಿಸಿದೆವು. ಎಂಜಿನ್ನನ್ನು ದಪ್ಪ ಹಲಗೆಗೆ ಬಿಗಿದು, 18 ಇಂಚಿನ ಪ್ರೊಪೆಲ್ಲರ್ ಹಾಕಿ ಚಾಲೂ ಮಾಡಿದಾಗ ಅವ್ವ ಬಾಗಿಲ ಹಿಂದೆ ನಿಂತಿದ್ದಳು. ಪ್ರೊಪೆಲ್ಲರಿನ ಎದುರಿಗಾಗಲಿ ಪಕ್ಕಕ್ಕಾಗಲಿ ಯಾರೂ ನಿಲ್ಲಬಾರದು, ಬ್ಲೇಡು ಮುರಿದರೆ ಆ ಕಡೆಗೇ ಸಿಡಿಯುವುದು. ನನಗೆ ಸದ್ದು ಸರಿಯಾಗೇ ಕೇಳಿತು. ಹಿಂದಿನಿಂದ ಹಲಗೆಯ ಮೇಲೆ ಅಂಗೈ ಊರಿದ್ದ ಅಪ್ಪ ಮಾತ್ರ ಇನ್ನೊಂದು ಕೈ ಎತ್ತಿ ನಿಲ್ಲಿಸು ಅಂದ. "ತಿರುಗಣಿ ಸರಿ ಇಲ್ಲ, ಒಂದು ಕಡಿ ಎಳೀತದ." ಅಳೆದು ನೋಡಿದರೆ ಹಬ್ಬಿನ ತೂತು ಕೂದಲೆಳೆಯಷ್ಟು ಮಧ್ಯ ತಪ್ಪಿತ್ತು. ಆ ವಾರ ಕಾಲೇಜಿನ ಹಬ್ಬಕ್ಕೆ ಹಾರಿಸುತ್ತೇನೆ ಅಂತ ತಮ್ಮ ಗೆಳೆಯರಿಗೆಲ್ಲ ಹೇಳಿಕೊಂಡಿದ್ದ. ಒಂದು ಗಳಿಗೆ ಅಪ್ಪನ ಮುಖ ನೋಡಿದ, ಆಮೇಲೆ ತಾನೇ ಸ್ಪ್ಯಾನರ್ ತಗೊಂಡು ಪ್ರೊಪೆಲ್ಲರ್ ಬಿಚ್ಚಿದ.

ಹಬ್ ಈಗ ಮತ್ತೆ ಲೇತಿಗೆ ಹೋಗಿದೆ. ರೈಲುಹಳಿ, ಕರೆಂಟಿನ ತಂತಿ, ಮನೆಗಳಿಂದ ದೂರದ ಬಯಲು ಹುಡುಕುವುದು ಬಾಕಿ.

ನಾನು ಹೊರಡುವ ಹಿಂದಿನ ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ ಫೆಲೋಶಿಪ್ಪಿನ ವಿಷಯ ತಮ್ಮನಿಗೆ ಹೇಳಿದೆ.

"ಗೊತ್ತಿತ್ತು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆ 0.25 ಲೆಕ್ಕ ಆದ್ರೂ ಖರೇನಾ?" ಅಂತ ಕೇಳಿದ.

"ಅದು ಖರೇ" ಅಂದೆ.