ಐದು ವರ್ಷದ ಮೇಳ

ಹಾಡುಗಾರರ ಮೇಳಗಳಿಗೆ ಆಯುಷ್ಯ ಕಡಿಮೆ. ಲಿವರ್‌ಪೂಲಿನಿಂದ ಹೊರಟ ಬೀಟಲ್ಸ್ ಎಂಬ ನಾಲ್ವರ ಮೇಳವನ್ನೇ ನೋಡಿ. ಇಂಗ್ಲೆಂಡಿನಲ್ಲಿ ತಮ್ಮ ಹೆಸರಿನ ಮೊದಲ ರೆಕಾರ್ಡನ್ನು ಅವರು ತಂದದ್ದು 1962ರ ಅಕ್ಟೋಬರಿನಲ್ಲಿ; 1970ರ ಏಪ್ರಿಲಿನಲ್ಲಿ ಮೇಳ ಒಡೆದ ಸುದ್ದಿ ಜಗತ್ತಿಗೆಲ್ಲ ತಿಳಿಯಿತು. ಎಂಟು ವರ್ಷವೂ ತುಂಬಲಿಲ್ಲ. "ಇಷ್ಟರಾಗ ಅಷ್ಟೆಲ್ಲ ಹೆಂಗ ಮಾಡಿದ್ರು ಸರ್?" ಎಂದು ನನ್ನ ತರಗತಿಯಲ್ಲಿ ನಿಪ್ಪಾಣಿಯ ಹುಡುಗನೊಬ್ಬ ಕೇಳಿದ. ಎಂಟು ವರ್ಷವೇ ಬಹಳವಾಯಿತಪ್ಪಾ, ಐದೇ ವರ್ಷದಲ್ಲಿ ಮಾಡಿ ಮುಗಿಸಿದವರೊಬ್ಬರು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಹುಟ್ಟಿದ್ದರು ಎಂದೆ. ಅವನು ನಂಬಿದಂತೆ ಕಾಣಲಿಲ್ಲ.

ಅವರೇ ಬಲವಂತ ಪಾಂಡುರಂಗ ಕಿರ್ಲೋಸ್ಕರರು. ಜನ ಕರೆದದ್ದು ಅಣ್ಣಾಸಾಹೇಬರೆಂದು. ಹುಟ್ಟಿದ್ದು ಸವದತ್ತಿಯ ಕಡೆಯ ಗುರ್ಲಹೊಸೂರಿನಲ್ಲಿ, 1843ರ ಮಾರ್ಚ್ 31ರಂದು. ಅದೇ ವರ್ಷದ ನವೆಂಬರಿನಲ್ಲಿ, ನಮ್ಮ ಕಾಗವಾಡದಾಚೆಯ ಸಾಂಗಲಿಯಲ್ಲಿ, ವಿಷ್ಣುದಾಸ ಭಾವೆಯವರು 'ಸೀತಾಸ್ವಯಂವರ'ವನ್ನು ಆಡಿಸಿ ಮರಾಠಿ ನಾಟಕಕ್ಕೆ ನಾಂದಿ ಹಾಡಿದರು. ಅದಕ್ಕೆ ಪ್ರೇರಣೆಯಾದದ್ದು ಹಿಂದಿನ ವರ್ಷ ಸಾಂಗಲಿಯ ಅರಸರ ಮುಂದೆ ಆಡಿಹೋಗಿದ್ದ ಕನ್ನಡ ಭಾಗವತರ ಮೇಳ. ನಮ್ಮ ಸೀಮೆಯಲ್ಲಿ ಕೊಡುಕೊಳ್ಳುವಿಕೆ ಇಂದು ನಿನ್ನೆಯದಲ್ಲ.

ಮೂವತ್ತೇಳು ವರ್ಷದವರೆಗೆ ಅಣ್ಣಾಸಾಹೇಬರ ಬಾಳಿನಲ್ಲಿ ಹೇಳಿಕೊಳ್ಳುವಂಥದು ಹೆಚ್ಚೇನೂ ಇಲ್ಲ. ಬೆಳಗಾವಿಯಲ್ಲಿ ಮಾಸ್ತರಿಕೆ, ಆಮೇಲೆ ಸರಕಾರಿ ಚಾಕರಿ. ನಡುನಡುವೆ ನಾಟಕದ ಹುಚ್ಚು. (ಮಾಸ್ತರರಿಗೆ ಈ ಹುಚ್ಚು ಸುಲಭವಾಗಿ ಹತ್ತುತ್ತದೆ; ನಮ್ಮ ಸ್ಟಾಫ್‌ರೂಮಿನಲ್ಲೂ ಇಬ್ಬರಿದ್ದಾರೆ.) 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ 'ಸಂಗೀತ ಶಾಕುಂತಲ'ದ ಮೊದಲ ನಾಲ್ಕು ಅಂಕಗಳನ್ನು ಆಡಿಸಿದರು. ಅದುವರೆಗೆ ಸೂತ್ರಧಾರನೊಬ್ಬ ಎಲ್ಲರ ಪರವಾಗಿ ಹಾಡುತ್ತಿದ್ದ. ಪಾತ್ರಗಳು ಸುಮ್ಮನೆ ನಿಂತಿರುತ್ತಿದ್ದವು. ಅಣ್ಣಾಸಾಹೇಬರು ದುಷ್ಯಂತನ ಹಾಡನ್ನು ದುಷ್ಯಂತನ ಬಾಯಿಗೇ ಕೊಟ್ಟರು. ಕೇಳಲು ಸಣ್ಣ ಮಾತು. ಆದರೆ ತನ್ನ ದುಃಖವನ್ನು ತಾನೇ ಹಾಡುವ ಶಕುಂತಲೆಯನ್ನು ಕಂಡಾಗ ಜನಕ್ಕೆ ಹೇಗಾಗಿರಬೇಕು!

1882ರಲ್ಲಿ ಬಡೋದೆಯ ಕಡೆಯಿಂದ ಭಾವೂರಾವ ಕೊಲ್ಹಟಕರ ಎಂಬ ತರುಣ ಬಂದು ಸೇರಿದ. ಆ ನವೆಂಬರಿನಲ್ಲಿ 'ಸೌಭದ್ರ' ರಂಗಕ್ಕೇರಿತು, ಅವನೇ ಸುಭದ್ರೆ. 1884ರಲ್ಲಿ 'ರಾಮರಾಜ್ಯವಿಯೋಗ' ಮೂರು ಅಂಕದವರೆಗೆ ಬಂದು ನಿಂತಿತು. ಮುಂದಿನದನ್ನು ಬರೆಯುವ ಕೈ 1885ರ ನವೆಂಬರ್ 2ರಂದು ಗುರ್ಲಹೊಸೂರಿನಲ್ಲೇ ತಣ್ಣಗಾಯಿತು. ಪೂರ್ಣವಾದ ನಾಟಕ ಎರಡು, ಅರ್ಧ ಒಂದು. ಮೊದಲ ಆಟದಿಂದ ಲೆಕ್ಕ ಹಿಡಿದರೆ ಐದು ವರ್ಷ, ಎರಡು ದಿನ.

ಕಂಪನಿಯೇನೋ ಮುಚ್ಚಲಿಲ್ಲ. ಭಾವೂರಾವ 1901ರಲ್ಲಿ ತೀರಿಕೊಂಡ ಮೇಲೂ ನಡೆಯಿತು. 1905ರಲ್ಲಿ ಬಾಲಗಂಧರ್ವರು ಸೇರಿ 1913ರಲ್ಲಿ ಬಿಟ್ಟುಹೋದ ಮೇಲೂ ನಡೆಯಿತು. ಬೋರ್ಡಿನ ಮೇಲೆ ಹೆಸರು ಅದೇ. ಆದರೂ ಅದನ್ನು ಅಣ್ಣಾಸಾಹೇಬರ ಮೇಳವೆನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ಮೇಳ ಐದು ವರ್ಷದ್ದೇ. ಇಂದು ರಾಯಬಾಗದ ಸಂತೆಯಲ್ಲಿ ಕಿರ್ಲೋಸ್ಕರರೆಂದರೆ ರೈತರು ಪಂಪನ್ನು ನೆನೆಯುತ್ತಾರೆ. ತಪ್ಪೇನಿಲ್ಲ, ಕಾರಖಾನೆಯ ಲಕ್ಷ್ಮಣರಾಯರು ಹುಟ್ಟಿದ್ದೂ ಅದೇ ಗುರ್ಲಹೊಸೂರಿನಲ್ಲಿಯೇ, 1869ರಲ್ಲಿ.

ಕನ್ನಡ ಸಾಹಿತ್ಯ ಚರಿತ್ರೆ ಪಾಠ ಮಾಡುವಾಗ ನಾವು ಅಣ್ಣಾಸಾಹೇಬರನ್ನು ಹೆಸರಿಸುವುದಿಲ್ಲ. ಬರೆದದ್ದು ಮರಾಠಿ ತಾನೆ! ಆದರೆ ಅವರ ಮಟ್ಟುಗಳು ಎಲ್ಲಿಯವು? ಸಂಗೀತ ನಾಟಕದ ಹಳೆಯ ಪುಸ್ತಕ ತೆಗೆದರೆ ಹಾಡಿನ ನೆತ್ತಿಯ ಮೇಲೆ 'ಚಾಲ್' ಎಂದು ಬರೆದು, ಯಾವ ಹಾಡಿನ ಧಾಟಿಯೆಂದು ಕೊಟ್ಟಿರುತ್ತಾರೆ. ಅಣ್ಣಾಸಾಹೇಬರ ಚಾಲುಗಳಲ್ಲಿ ಕನ್ನಡದ ಹಾಡುಗಳೂ ಇವೆ. ಚಿಕ್ಕಂದಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಕಿವಿಗೆ ಬಿದ್ದದ್ದನ್ನು ಅವರು ಪುಣೆಯವರೆಗೂ ಒಯ್ದರು.

ಈ ಜಗಳ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಕಾಗವಾಡದ ನಮ್ಮ ಮನೆಯಲ್ಲಿ ಅಜ್ಜನಿಗೆ ನಾಟ್ಯಗೀತದ ಹುಚ್ಚು. ಮೀರಜಿಗೆ ಕಂಪನಿ ಬಂದರೆ ರಾತ್ರಿ ಮನೆಯಲ್ಲಿರುತ್ತಿರಲಿಲ್ಲವಂತೆ. ಅಜ್ಜಿ ಜೋಳ ಹಸನು ಮಾಡುತ್ತ ಏನೋ ಹಾಡಿಕೊಂಡರೆ ಅಜ್ಜ ಕಟ್ಟೆಯ ಮೇಲಿಂದಲೇ, "ಅದು ಸೌಭದ್ರದಾಂದು. ನಾಟಕದ ಹಾಡು ಕದ್ದು ಜೋಳಕ್ಕ ಹಾಡತಿ ಏನ?" ಎನ್ನುತ್ತಿದ್ದ. ಅಜ್ಜಿ ಬಿಡುತ್ತಿರಲಿಲ್ಲ. "ಸುಮ್ಮನ ಕೂಡ್ರಿ. ನಮ್ಮವ್ವ ಬೀಸುವಾಗ ಹಾಡತಿದ್ಲು. ಆಕಿ ಯಾವ ನಾಟಕ ನೋಡಿದ್ಲು?" ಅಜ್ಜ ಪದ ಹಿಡಿದು ವಾದಿಸುವನು, ಅಜ್ಜಿ ಧಾಟಿ ಹಿಡಿದು. ಊಟದ ಹೊತ್ತಿಗೂ ತೀರ್ಮಾನವಾಗುತ್ತಿರಲಿಲ್ಲ. ಅಜ್ಜ ಪದ ಕೇಳಿಸಿ ಗೆದ್ದೆನೆಂದು ತಿಳಿದರೆ, ಆಕೆ ರೊಟ್ಟಿ ಬಡಿಯುತ್ತ ಮತ್ತೆ ಅದೇ ಧಾಟಿ ಎತ್ತುವಳು.

ಅಜ್ಜ ತೀರಿಕೊಂಡ ವರ್ಷ, ಒಂದು ಮುಂಜಾನೆ ಸಾಂಗಲಿ ಆಕಾಶವಾಣಿಯಲ್ಲಿ ಅದೇ ಹಾಡು ಬಂತು. ನಾನು ಬಂದ್ ಮಾಡಲು ಹೋದೆ. ಅಜ್ಜಿ ಬೇಡವೆಂದು ಕೈಮಾಡಿ, ಮೊರ ಬದಿಗಿಟ್ಟು ಕೊನೆಯವರೆಗೂ ಕೇಳಿದಳು.

"ಛಲೋ ಹಾಡ್ಯಾನ" ಎಂದಳು. "ಮಾತಷ್ಟ ಬ್ಯಾರೆ ಹಾಕ್ಯಾನ."